ಕಾರ್ಡುಗಳಿಗೆ ನೆಲೆ ಕೊಟ್ಟ ಬರ್ಡಿಕ್

ಚಿನ್ನ, ವಜ್ರಗಳನ್ನು ಕೂಡಿಡುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಆದರೆ ಜನರು ಬಿಸುಟ ಕಾಗದದ ತುಣುಕಿನಲ್ಲಿ ಒಂದು ನಾಡಿನ ಬಾಳಿನ ಚಿತ್ರವನ್ನು ಕಂಡು, ಅದನ್ನು ಮುಂದಿನ ಪೀಳಿಗೆಗೆ ಉಳಿಸಿಕೊಟ್ಟವರು ವಿರಳ. ಅಂತಹ ವಿರಳರಲ್ಲಿ ಅಮೆರಿಕದ ಜೆಫರ್ಸನ್ ಬರ್ಡಿಕ್ ಒಬ್ಬರು.

ಬರ್ಡಿಕ್ 1900ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದರು. ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಪದವೀಧರರಾದ ಮೇಲೆ, ಅದೇ ನಗರದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣಗಳ ಭಾಗಗಳನ್ನು ಜೋಡಿಸುವ ಕೆಲಸ ಮಾಡಿದರು. ಅವರು ಮದುವೆಯಾಗಲಿಲ್ಲ. ಸಂಧಿವಾತವು ಅವರ ಕೈಕಾಲುಗಳನ್ನು ಕ್ರಮೇಣ ಬಿಗಿಯತೊಡಗಿತು.

ಅಮೆರಿಕದಲ್ಲಿ ಆಗ ಸಿಗರೇಟು, ಮಿಠಾಯಿಗಳ ಪೊಟ್ಟಣದೊಳಗೆ ಚಿಕ್ಕ ಬಣ್ಣದ ಕಾರ್ಡುಗಳನ್ನು ಇಡುವ ರೂಢಿಯಿತ್ತು. ಒಂದರಲ್ಲಿ ಹಕ್ಕಿ, ಇನ್ನೊಂದರಲ್ಲಿ ಧ್ವಜ, ಮತ್ತೊಂದರಲ್ಲಿ ಆ ನಾಡಿನ ಜನಪ್ರಿಯ ಆಟವಾದ ಬೇಸ್‌ಬಾಲಿನ ಆಟಗಾರ. ಹುಡುಗರು ಅವನ್ನು ಆಸೆಯಿಂದ ಕೂಡಿಡುತ್ತಿದ್ದರು. ಬೆಳೆದ ಮೇಲೆ ಮರೆಯುತ್ತಿದ್ದರು. ಯಾವ ಕಾರ್ಡು ಯಾವ ಮಾಲೆಗೆ ಸೇರಿದ್ದು, ಅದಕ್ಕೆ ನ್ಯಾಯವಾದ ಬೆಲೆಯೇನು ಎಂಬುದನ್ನು ತಿಳಿಸುವವರಿರಲಿಲ್ಲ.

ಬರ್ಡಿಕ್ ಈ ಕೊರತೆಯನ್ನು ನೀಗಿಸಿದರು. 1939ರಲ್ಲಿ ಅವರ ಸೂಚೀಗ್ರಂಥ ಹೊರಬಂದಿತು. ಪ್ರತಿಯೊಂದು ಮಾಲೆಗೂ ಅವರು ಒಂದು ಅಕ್ಷರವನ್ನೂ ಸಂಖ್ಯೆಯನ್ನೂ ಕೊಟ್ಟರು. 1909ರಿಂದ 1911ರವರೆಗೆ ಸಿಗರೇಟಿನೊಡನೆ ಬಂದ ಒಂದು ಬೇಸ್‌ಬಾಲ್ ಮಾಲೆಗೆ ‘ಟಿ206’ ಎಂದು ಹೆಸರಿಟ್ಟರು. ಸಂಗ್ರಾಹಕರು ಇಂದಿಗೂ ಅದೇ ಹೆಸರನ್ನು ಬಳಸುತ್ತಾರೆ. ಆ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಾರ್ಡುಗಳಿವೆ. ಅವುಗಳಲ್ಲಿ ತೀರ ಅಪರೂಪವಾದ ಹೋನಸ್ ವ್ಯಾಗ್ನರನ ಕಾರ್ಡಿಗೆ ಬರ್ಡಿಕ್ ಸೂಚಿಸಿದ ಬೆಲೆ 50 ಡಾಲರು. ಹೇರಳವಾಗಿ ಸಿಗುವ ಸಾಮಾನ್ಯ ಆಟಗಾರರ ಕಾರ್ಡಿಗೆ ಕೆಲವೇ ಸೆಂಟು. ಆದರೆ ಬೆಲೆ ಬೇರೆಯಾದರೂ ಸ್ಥಾನ ಬೇರೆಯಲ್ಲ. ಸಾಮಾನ್ಯವಾದ ಒಂದು ಕಾರ್ಡು ಇಲ್ಲದಿದ್ದರೂ ಮಾಲೆ ಅಪೂರ್ಣವೇ ಅಲ್ಲವೇ?

ಇಷ್ಟನ್ನೆಲ್ಲ ಕೂಡಿಸಿದ ಬರ್ಡಿಕ್ ಅದನ್ನು ಮಾರಿ ಹಣ ಮಾಡಲಿಲ್ಲ. 1947ರಿಂದ ತಮ್ಮ ಸಂಗ್ರಹವನ್ನು ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯಕ್ಕೆ ಕೊಡತೊಡಗಿದರು. ಕೊನೆಯ ವರ್ಷಗಳಲ್ಲಿ ತಾವೂ ಆ ನಗರಕ್ಕೆ ಬಂದು ನೆಲೆಸಿ, ಸೊಟ್ಟಗಾದ ಬೆರಳುಗಳಿಂದಲೇ ಕಾರ್ಡುಗಳನ್ನು ಆಲ್ಬಮ್ಮಿನ ಹಾಳೆಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು. ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಅವರು ಬಿಟ್ಟುಹೋದ ವಸ್ತುಗಳು 3,00,000ಕ್ಕೂ ಹೆಚ್ಚು. ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಸುಮಾರು 30,000.

2022ರಲ್ಲಿ ವ್ಯಾಗ್ನರನ ಒಂದು ಕಾರ್ಡು 72 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಅಂಟು ತಾಗಿದ ಕಾರ್ಡಿಗೆ ಸಂತೆಯಲ್ಲಿ ಬೆಲೆ ಕಡಿಮೆ. ಆದರೆ ಬರ್ಡಿಕ್ ಅಂಟಿಸಿದ ಹಾಳೆಗಳಲ್ಲಿ ಪ್ರಸಿದ್ಧ ವ್ಯಾಗ್ನರನೂ ಮರೆತುಹೋದ ಆಟಗಾರರೂ ಒಂದೇ ಮನೆಯವರಂತೆ ಉಳಿದಿದ್ದಾರೆ. ಬೆಲೆಯನ್ನು ಸಂತೆ ಕಟ್ಟುತ್ತದೆ. ನೆಲೆಯನ್ನು ಕೊಡುವುದು ಮನುಷ್ಯನ ಶ್ರದ್ಧೆ.