ಹಡಗು, ವಿಮಾನ, ಮೋಟಾರು ಕಟ್ಟಿದ ಸೊಲ್ಲಾಪುರದ ಸೇಠರು

ಬೆಂಗಳೂರಿನ ಎಚ್.ಎ.ಎಲ್. ನಮ್ಮ ಮಂದಿಗೆಲ್ಲ ಗೊತ್ತು. ಪ್ರೀಮಿಯರ್ ಪದ್ಮಿನಿ ಕಾರು ಗೊತ್ತು. ಸಂತೆಯಿಂದ ಅಪ್ಪ ತಂದ ರಾವಳಗಾಂವ್ ಚಾಕಲೇಟು ಚೀಪಿ ಬೆಳೆದವರೂ ಬಹಳ ಇದ್ದಾರೆ. ಈ ಮೂರರ ಬೇರು ಹುಡುಕಿದರೆ ಒಬ್ಬನೇ ಮನುಷ್ಯನ ಹತ್ತಿರ ಹೋಗಿ ನಿಲ್ಲತದ, ಆತ ಹುಟ್ಟಿದ್ದು ನಮ್ಮ ಸೊಲ್ಲಾಪುರದಾಗ ಅಂದ್ರೆ ಅಕ್ಕಲಕೋಟೆಯ ಅಡತಿ ಅಂಗಡಿಯಲ್ಲಿ ಕೂತ ಹಿರಿಯರೂ ಹುಬ್ಬು ಏರಿಸ್ತಾರೆ. ವಾಲಚಂದ ಹಿರಾಚಂದರ ಹೆಸರು ಕಾಲೇಜಿನ ಬೋರ್ಡಿನ ಮೇಲೆ ಓದಿರ್ತೀವಿ, ಕಥೆ ಕೇಳಿರೋದಿಲ್ಲ.

1882ರ ನವೆಂಬರ್ 23ರಂದು ಹುಟ್ಟಿದರು. ಗುಜರಾತಿನ ಕಡೆಯಿಂದ ಬಂದು ನೆಲೆಸಿದ ಜೈನ ಮನೆತನ. ಹತ್ತಿ ವ್ಯಾಪಾರ, ಲೇವಾದೇವಿ. ಸೊಲ್ಲಾಪುರದಲ್ಲಿ ಆಗಲೇ ದೊಡ್ಡ ಗಿರಣಿ ಎದ್ದಿತ್ತು. ಮುಂಬೈಯ ಮೊರಾರ್ಜಿ ಗೋಕುಲದಾಸರು ಕಟ್ಟಿದ್ದು. ಊರ ಮಂದಿ ಇವತ್ತಿಗೂ ಜುನಿ ಮಿಲ್ ಅಂತಾರೆ. ಹತ್ತಿ ಬೆಳೆದ ಊರಲ್ಲೇ ನೂಲು ತೆಗೆದು ಬಟ್ಟೆ ನೇಯ್ದರೆ ರೊಕ್ಕ ಹೆಂಗ ಊರೊಳಗೇ ಸುತ್ತತದ ಅನ್ನೋದನ್ನ ಹುಡುಗ ವಾಲಚಂದ ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ, ಬಾಗಿಲಿಗೆ ಬಂದು ನಿಂತರೆ ಕಾಣತಿತ್ತು.

ಕಾಲೇಜು ಅರ್ಧಕ್ಕೇ ಬಿಟ್ಟರು. ಮನೆಯ ಗಾದಿಯ ಮೇಲೆ ಕೂತು ಬಡ್ಡಿ ಲೆಕ್ಕ ಬರೆಯೋದೂ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ ಎಂಬುವರ ಜೊತೆ ಪಾಲುದಾರಿಕೆ ಮಾಡಿ ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಸಣ್ಣ ಹಳಿಯ ಸಣ್ಣ ಕೆಲಸ. ಅದರಿಂದ ಮುಂದೆ ಬೋರಘಾಟದ ಸುರಂಗ, ತಾನಸಾ ಕೆರೆಯಿಂದ ಮುಂಬೈಗೆ ನೀರಿನ ಕೊಳವೆ ಅಂತ ಗುತ್ತಿಗೆ ಬೆಳೀತು, ಹೆಸರೂ ಬೆಳೀತು.

ಇಷ್ಟಕ್ಕೇ ನಿಂತಿದ್ರೆ ಇನ್ನೊಬ್ಬ ದೊಡ್ಡ ಕಂತ್ರಾಟದಾರ ಆಗಿ ಹೋಗ್ತಿದ್ದರು, ನಾನೂ ಇದನ್ನ ಬರೀತಿರಲಿಲ್ಲ.

1919ರಲ್ಲಿ ಗ್ವಾಲಿಯರ್ ಸಿಂಧಿಯಾ ಮಹಾರಾಜರ ಹಡಗೊಂದು ಮಾರಾಟಕ್ಕೆ ಬಂತು. ಹೆಸರು ಲಾಯಲ್ಟಿ, ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಓಡಿದ್ದು. ಹಡಗಿನ ವ್ಯಾಪಾರದ ಗಂಧಗಾಳಿ ಇಲ್ಲದ ಬಯಲುಸೀಮೆಯ ಮನುಷ್ಯ ಅದನ್ನು ಕೊಳ್ಳೋದಂದ್ರೆ ಹುಚ್ಚಾಟ ಅಂತ ಅನಿಸೋದು ಸಹಜ. ಆದರೆ ಒಂದು ಲೆಕ್ಕ ಇತ್ತು. ನಮ್ಮ ಹತ್ತಿ ಹೊರಗೆ ಹೋಗ್ತಿತ್ತು, ಬಟ್ಟೆಯಾಗಿ ತಿರುಗಿ ಬರ್ತಿತ್ತು. ಹೋಗುವಾಗಲೂ ಬರುವಾಗಲೂ ಬಾಡಿಗೆ ಬ್ರಿಟಿಷ್ ಹಡಗಿಗೆ. ರಂಗೂನಿನ ಅಕ್ಕಿ ನಮ್ಮದೇ ದಂಡೆಗೆ ಬಂದರೂ ಬಾಡಿಗೆ ಅವರಿಗೇ. ಬೆಳೆದವನು ಒಬ್ಬ, ನೇಯ್ದವನು ಇನ್ನೊಬ್ಬ, ಹೊತ್ತವನು ಮತ್ತೊಬ್ಬ. ಬೆಳೆದವನ ಕೈಗೆ ಉಳಿಯೋದು ಕಡಿಮೆ ಪಾಲು. ಎ.ಪಿ.ಎಂ.ಸಿ.ಗೆ ತೊಗರಿ ಒಯ್ದು ಬೇಳೆಯ ದರ ಕೇಳಿ ಮನೆಗೆ ಬಂದ ರೈತನಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಡಗು ಕಟ್ಟೋದು ನಮಗೆ ಬಾರದ ವಿದ್ಯೆಯೇನೂ ಆಗಿರಲಿಲ್ಲ. ಮಲಬಾರದ ತೇಗದಿಂದ ಮುಂಬೈಯ ವಾಡಿಯಾ ಮನೆತನದವರು ಬ್ರಿಟಿಷ್ ನೌಕಾಪಡೆಗೇ ಹಡಗು ಕಟ್ಟಿಕೊಟ್ಟಿದ್ದರು. 1817ರಲ್ಲಿ ಅಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬುದು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲಿದೆ. ಉಗಿ, ಕಬ್ಬಿಣದ ಕಾಲ ಬಂತು, ತೇಗದ ಹಡಗಿನ ಕಸುಬು ಬಿತ್ತು. 1906ರಲ್ಲಿ ತೂತ್ತುಕುಡಿಯಲ್ಲಿ ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿ ತೆಗೆದರೆ ದರ ಇಳಿಸಿ, ಜೈಲಿಗೆ ಹಾಕಿ ಮುಗಿಸಿದರು.

ಇದನ್ನೆಲ್ಲ ಬಲ್ಲವರೇ ವಾಲಚಂದರು. ಆದರೂ 1919ರ ಏಪ್ರಿಲ್ 5ಕ್ಕೆ ಲಾಯಲ್ಟಿ ಮುಂಬೈ ಬಿಟ್ಟು ಲಂಡನ್ನಿಗೆ ಹೊರಟಿತು. ಸಿಂಧಿಯಾ ಹೆಸರಲ್ಲೇ ಕಂಪನಿ ನಿಂತಿತು. ಅದರ ಮುಖ್ಯಸ್ಥರು ನರೋತ್ತಮ ಮೊರಾರ್ಜಿ, ಅಂದ್ರೆ ಜುನಿ ಮಿಲ್ ಕಟ್ಟಿದವರ ಮಗ. ಬ್ರಿಟಿಷ್ ಕಂಪನಿಯವರು ಸುಮ್ಮನೆ ಕೂಡಲಿಲ್ಲ; ಬಾಡಿಗೆ ಇಳಿಸಿದರು, ಕಂಪನಿಯನ್ನೇ ಕೊಳ್ಳಲು ನೋಡಿದರು. 1923ರಲ್ಲಿ ಹತ್ತು ವರ್ಷದ ಕರಾರಾಯಿತು. ಸಿಂಧಿಯಾದವರು ಎಷ್ಟು ಹಡಗು ಇಟ್ಟುಕೊಳ್ಳಬೇಕು ಅನ್ನೋದಕ್ಕೂ ಮಿತಿ, ವ್ಯಾಪಾರ ದಂಡೆಯುದ್ದಕ್ಕೆ ಮಾತ್ರ. ವಾಲಚಂದರಿಗೆ ಇದು ಮನಸ್ಸಿಗೆ ಬಂದಿರಲಿಲ್ಲ. ನನಗನಿಸೋ ಮಟ್ಟಿಗೆ ಆ ಕರಾರು ಇಲ್ಲದಿದ್ರೆ ಕಂಪನಿ ಮುಳುಗುತಿತ್ತು. ಹಟ ಅವರದು ಸರಿ, ಲೆಕ್ಕ ನರೋತ್ತಮರದು ಸರಿ. 1929ರಲ್ಲಿ ನರೋತ್ತಮರು ಮೋಟಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಕಂಪನಿ ವಾಲಚಂದರ ಕೈಗೆ ಬಂತು.

ನಡುವೆ ನಾಸಿಕ ಜಿಲ್ಲೆಯ ರಾವಳಗಾಂವದಲ್ಲಿ ಕಲ್ಲು ಆಯ್ದು ಕಬ್ಬು ಹಚ್ಚಿದರು, ಸಕ್ಕರೆ ಕಾರ್ಖಾನೆ ಹಾಕಿದರು. ಇಂದಾಪುರದ ಹತ್ತಿರದ ಕಳಂಬ ಊರು ವಾಲಚಂದನಗರ ಆಯಿತು. 1932ರಲ್ಲಿ ಸರಕಾರ ಹೊರಗಿನ ಸಕ್ಕರೆಗೆ ಸುಂಕ ಏರಿಸಿದ್ದು ಇಲ್ಲಿ ಅನುಕೂಲಕ್ಕೆ ಬಂತು.

ವಿಮಾನದ ಕಥೆ ಸಿನಿಮಾದ ಹಂಗದ. 1939ರಲ್ಲಿ ವಿಮಾನಪ್ರಯಾಣ ಮಾಡುವಾಗ ಅಮೆರಿಕದ ಪಾಲಿ ಎಂಬುವರು ಗಂಟುಬಿದ್ದರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಮನುಷ್ಯ. ಜಾಗ ಕೊಡುವವರು ಯಾರು? ಮೈಸೂರು ಸಂಸ್ಥಾನ. ದಿವಾನ ಮಿರ್ಜಾ ಇಸ್ಮಾಯಿಲರು ಬೆಂಗಳೂರಲ್ಲಿ 700 ಎಕರೆ ಕೊಡಿಸಿ ಸಂಸ್ಥಾನದಿಂದ 25 ಲಕ್ಷ ರೂಪಾಯಿಯನ್ನೂ ಹಾಕಿಸಿದರು. 1940ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1942ರಲ್ಲಿ, ಜಪಾನಿನ ಯುದ್ಧ ಹತ್ತಿರ ಬಂದಾಗ, ಭಾರತ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಎಚ್.ಎ.ಎಲ್. ಆಗಿ ಬೆಳೆದದ್ದು ಅದೇ.

ಮೋಟಾರಿನಲ್ಲೂ ಮೈಸೂರಿನ ನಂಟು ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ತಿರುಗಿದಾಗ ಜೊತೆಗೆ ನಿಂತವರು ಈ ಸೇಠರು. ಬ್ರಿಟಿಷರು ಅಡ್ಡಗಾಲು ಹಾಕಿದರು. ಕಡೆಗೆ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಹುಟ್ಟಿತು. ಮುಂದೆ ಸ್ಪರ್ಧೆ ಇಲ್ಲದ ಕಾಲದಲ್ಲಿ ಅದೇ ಪದ್ಮಿನಿಗಾಗಿ ಗಿರಾಕಿ ವರ್ಷಗಟ್ಟಲೆ ಕಾಯಬೇಕಾಗಿ ಬಂದದ್ದನ್ನೂ ಹೇಳಬೇಕು. ಮನೆಯ ಮಾಲು ಅಂತ ಬೇಲಿ ಕಟ್ಟಿದರೆ ಮಾಲು ಸುಧಾರಿಸತದ ಅಂತ ಭರವಸೆ ಇಲ್ಲ.

ವಿಶಾಖಪಟ್ಟಣದ ಹಡಗುಕಟ್ಟೆಗೆ 1941ರ ಜೂನ್ 21ರಂದು ಅಡಿಗಲ್ಲು ಬಿತ್ತು. ಮರುವರ್ಷ ಊರ ಮೇಲೆ ಜಪಾನಿನ ಬಾಂಬು ಬಿತ್ತು. ಆದರೂ 1948ರ ಮಾರ್ಚ್ 14ರಂದು 8 ಸಾವಿರ ಟನ್ನಿನ ಜಲಉಷಾ ನೀರಿಗೆ ಇಳಿಯಿತು, ಇಳಿಸಿದವರು ನೆಹರೂ.

ಮರುವರ್ಷವೇ ಸೇಠರಿಗೆ ಪಾರ್ಶ್ವವಾಯು ಬಡಿಯಿತು. ಅದೇ 1949ರಲ್ಲಿ ಅವರ ಹುಟ್ಟೂರಿನ ಜುನಿ ಮಿಲ್ಲಿಗೂ ಬೀಗ ಬಿತ್ತು. ಗಿರಣಿಯ ಭೋಂಗಾ ನಿಂತರೆ ಖಾನಾವಳಿಯವನ ಉದ್ರಿ, ಜೋಳದ ಅಡತಿಯವನ ಬಾಕಿ, ಬಾಡಿಗೆ ಖೋಲಿ ಎಲ್ಲಾ ಒಟ್ಟಿಗೇ ನಿಲ್ಲತಾವ. 1950ರ ಜನವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯ ಆಡಳಿತ ತಾನೇ ವಹಿಸಿಕೊಂಡಿತು. ಶೇರುದಾರರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿ ಸೋತ ಆ ಖಟ್ಲೆಯನ್ನು ವಕೀಲಿ ಕಲಿಯುವ ಹುಡುಗರು ಈಗಲೂ ಓದುತ್ತಾರೆ.

ಸೇಠರು 1950ರಲ್ಲಿ ಸಿಂಧಿಯಾ ಕಂಪನಿಯ ಗಾದಿ ಬಿಟ್ಟರು. ಪತ್ನಿ ಕಸ್ತೂರಬಾಯಿಯವರ ಆರೈಕೆಯಲ್ಲಿ ಕಡೆಯ ದಿನ ಕಳೆದು, 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಹಡಗುಕಟ್ಟೆಯ ದೊಡ್ಡ ಪಾಲು ಅದರ ಹಿಂದಿನ ವರ್ಷವೇ ಸರಕಾರದ ಕೈಸೇರಿತ್ತು. ಉಳಿದ ಕಾರ್ಖಾನೆಗಳನ್ನು ತಮ್ಮಂದಿರು ನೋಡಿಕೊಂಡರು.