ಬ್ಲಫ್ ಕರೆಂಟು ಮಾಡಿಸಿದ ದಿವಾನರು ಅದು ಹರಿದಿದ್ದನ್ನು ನೋಡಲಿಲ್ಲ

ಮಳವಳ್ಳಿ: ನಮ್ಮ ತಾಲ್ಲೂಕಿನಲ್ಲಿ ಶಿವನಸಮುದ್ರದ ಪವರ್ ಹೌಸನ್ನು ಬ್ಲಫ್ ಅಂದರೇ ಜನಕ್ಕೆ ಬೇಗ ಗೊತ್ತಾಗೋದು. 1902ರ ಜೂನ್ 30ರಂದು ಅಲ್ಲಿಂದ ಮೊದಲು ಹೊರಟ ಕರೆಂಟು ಪಕ್ಕದ ಮಳವಳ್ಳಿಗೆ ಬರಲಿಲ್ಲ, ಬೆಂಗಳೂರಿಗೂ ಹೋಗಲಿಲ್ಲ. ಸೀದಾ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಇದನ್ನೆಲ್ಲ ತೀರ್ಮಾನ ಮಾಡಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅಷ್ಟೊತ್ತಿಗೆ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

ಬೆಂಗಳೂರಿನ ಶೇಷಾದ್ರಿಪುರ, ಶೇಷಾದ್ರಿ ರಸ್ತೆ ಎರಡೂ ಇವರ ಹೆಸರಿನವೇ. ಮೂಲ ಮಾತ್ರ ಮೈಸೂರು ಸೀಮೆಯಲ್ಲ. 1845ರಲ್ಲಿ ಹುಟ್ಟಿದ್ದು ಮಲಬಾರಿನ ಪಾಲಕ್ಕಾಡು ಕಡೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ, ಇಪ್ಪತ್ತಮೂರನೇ ವಯಸ್ಸಿಗೆ, ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಕರೆಸಿಕೊಂಡವರು ರಂಗಾಚಾರ್ಲು. ಕೆಲಸದಲ್ಲಿದ್ದುಕೊಂಡೇ ಕಾನೂನು ಪದವಿಯನ್ನೂ ಪಡೆದರು. 1883ರಲ್ಲಿ ದಿವಾನ್ ರಂಗಾಚಾರ್ಲು ತೀರಿಹೋದಾಗ ಆ ಕುರ್ಚಿ ಇವರಿಗೆ ಬಂತು. ಅಲ್ಲಿಂದ ಹದಿನೆಂಟು ವರ್ಷ ಇವರೇ ದಿವಾನರು. ಮೈಸೂರಿನಲ್ಲಿ ಅಷ್ಟು ಕಾಲ ದಿವಾನಗಿರಿ ಮಾಡಿದವರು ಅಪರೂಪ.

ಅಧಿಕಾರ ಸಿಕ್ಕಾಗ ಖಜಾನೆ ಚೆನ್ನಾಗಿರಲಿಲ್ಲ. 1876-78ರ ಬರದಲ್ಲಿ ಲಕ್ಷಾಂತರ ಜನ ಸತ್ತಿದ್ದರು, ಸಂಸ್ಥಾನದ ಮೇಲೆ ಸಾಲ ಬಿದ್ದಿತ್ತು, ಬ್ರಿಟಿಷರಿಗೆ ವರ್ಷಾವರ್ಷ ಪೊಗದಿ ಬೇರೆ ಕಟ್ಟಬೇಕಿತ್ತು. ಅಂಥ ಹೊತ್ತಲ್ಲಿ ಕೈ ಹಿಡಿದಿದ್ದು ಕೋಲಾರದ ಚಿನ್ನ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯವರು ತೆಗೆದ ಚಿನ್ನಕ್ಕೆ ಸರ್ಕಾರಕ್ಕೆ ರಾಜಧನ ಕೊಡುತ್ತಿದ್ದರು. ಗಣಿ ಆಳಕ್ಕೆ ಹೋದಷ್ಟೂ ಯಂತ್ರ ಜಾಸ್ತಿ ಬೇಕು. ಆ ಯಂತ್ರಗಳೆಲ್ಲ ಉಗಿಯಲ್ಲಿ ಓಡುವಂಥವು, ಸೌದೆ ಇಲ್ಲವೇ ದೂರದಿಂದ ತಂದ ಕಲ್ಲಿದ್ದಲು ಸುಡಬೇಕು. ಖರ್ಚು ಏರುತ್ತಲೇ ಇತ್ತು.

ಇತ್ತ ಕಾವೇರಿ ಶಿವನಸಮುದ್ರದಲ್ಲಿ ಸುಮ್ಮನೆ ಧುಮುಕುತ್ತಿತ್ತು. ಆ ನೀರಿನ ಮೇಲೆ ಖಾಸಗಿಯವರ ಕಣ್ಣೂ ಬಿದ್ದಿತ್ತು. ಜಲಪಾತ ನಮಗೆ ಬಿಟ್ಟುಕೊಡಿ, ನಾವೇ ವಿದ್ಯುತ್ ತಯಾರಿಸ್ತೀವಿ ಅಂತ ಸರ್ಕಾರದ ಬಾಗಿಲಿಗೆ ಬಂದವರಿದ್ದರು. ಕೊಟ್ಟಿದ್ದರೆ ಸರ್ಕಾರಕ್ಕೆ ಕಷ್ಟವೂ ಇಲ್ಲ, ನಷ್ಟದ ಭಯವೂ ಇಲ್ಲ, ಕೂತಲ್ಲಿಗೇ ಬಾಡಿಗೆ ಬರೋದು. ಶೇಷಾದ್ರಿ ಅಯ್ಯರ್ ಆ ದಾರಿ ಹಿಡಿಯಲಿಲ್ಲ. ಪವರ್ ಹೌಸ್ ಸರ್ಕಾರದ್ದೇ, ಲೈನೂ ಸರ್ಕಾರದ್ದೇ, ಗಣಿ ಕಂಪನಿ ಬರೀ ಗಿರಾಕಿ ಅಂತ ಮಾಡಿದರು. ಅವರ ಬದುಕಿನ ದೊಡ್ಡ ತೀರ್ಮಾನ ಯಾವುದು ಅಂದರೆ ಇದೇ. ಹಿಂದುಸ್ತಾನದಲ್ಲಿ ಯಾವ ಸರ್ಕಾರವೂ ಇಷ್ಟು ದೊಡ್ಡ ವಿದ್ಯುತ್ ಯೋಜನೆಗೆ ಕೈ ಹಾಕಿರಲಿಲ್ಲ. ಇನ್ನೂ ಗಟ್ಟಿಯಾಗದ ವಿದ್ಯೆಗೆ ಬರದಿಂದ ಈಗಷ್ಟೇ ಎದ್ದ ಸಂಸ್ಥಾನದ ದುಡ್ಡು ಹಾಕೋದು ಅಂದರೆ ಸಣ್ಣ ಧೈರ್ಯ ಅಲ್ಲ.

ಲೆಕ್ಕ ತಿಳಿದ ಮನುಷ್ಯನ ಧೈರ್ಯ ಅದು. ಮೊದಲು ಕೊಳ್ಳುವವರು ಗಟ್ಟಿಯಾಗಬೇಕು, ಆಮೇಲೆ ಕಾಮಗಾರಿ. ಗಣಿಯವರ ಜೊತೆ ಹತ್ತು ವರ್ಷದ ಕರಾರು ಮಾಡಿಕೊಂಡಿತು ಸರ್ಕಾರ. ಮೊದಲ ವರ್ಷಗಳಲ್ಲಿ ದರ ಜಾಸ್ತಿ, ಹಾಕಿದ ಬಂಡವಾಳ ವಾಪಸ್ ಬರುತ್ತಾ ಬಂದಂತೆ ಕಡಿಮೆ. ಸಾಲ ಕೊಡೋ ಮುಂಚೆ ಗಿರಾಕಿ ಎಂಥವನು ಅಂತ ನೋಡೋ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಾಂತ್ರಿಕ ಕೆಲಸವೆಲ್ಲ ಡೆಪ್ಯುಟಿ ಚೀಫ್ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರದು. ಕೆನಡಾ ಮೂಲದ ಸೇನಾ ಎಂಜಿನಿಯರ್. ದಿವಾನರು ಅವರನ್ನು ಯುರೋಪು, ಅಮೆರಿಕಕ್ಕೆ ಕಳಿಸಿದರು. ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ ಬಂತು. ಮದ್ದೂರಿನವರೆಗೆ ರೈಲು ಇತ್ತು. ಅಲ್ಲಿಂದ ಈಚೆಗೆ ಆ ಭಾರೀ ಯಂತ್ರಗಳನ್ನು ಎಳೆದು ತಂದಿದ್ದು ಎತ್ತು, ಆನೆಗಳು. ಜಾಗ ಮಲೇರಿಯಾಕ್ಕೆ ಹೆಸರುವಾಸಿ. ಇದೇ ಹೊತ್ತಿಗೆ, 1898ರಿಂದ, ಬೆಂಗಳೂರು ಮೈಸೂರಲ್ಲಿ ಪ್ಲೇಗು ಬೇರೆ ಕಾಡುತ್ತಿತ್ತು.

ಇನ್ನೊಂದು ತೊಡಕು ನದಿಯದು. ಆಗ ಆಚೆ ದಡದ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1892ರಲ್ಲಿ ಮದ್ರಾಸಿನ ಜೊತೆ ಆದ ಒಪ್ಪಂದದಂತೆ, ನೀರಾವರಿಗೆ ಹೊಸ ಕಟ್ಟೆ ಕಟ್ಟಬೇಕಾದರೆ ಅವರ ಒಪ್ಪಿಗೆ ಕೇಳಬೇಕು. ಕಾವೇರಿ ವಿಷಯದಲ್ಲಿ ಇವತ್ತಿಗೂ ಬೈಸಿಕೊಳ್ಳುವ ಆ ಒಪ್ಪಂದ ಆಗಿದ್ದು ಇವರ ದಿವಾನಗಿರಿಯಲ್ಲೇ ಅನ್ನೋದನ್ನು ಮರೆಯೋ ಹಾಗಿಲ್ಲ. ಆದರೆ ವಿದ್ಯುತ್ತು ನೀರು ಕುಡಿಯಲ್ಲ. ಮೇಲಿಂದ ತಿರುಗಿಸಿದ ನೀರು ಟರ್ಬೈನ್ ತಿರುಗಿಸಿ ಕೆಳಗೆ ಮತ್ತೆ ಹೊಳೆಗೇ ಸೇರುತ್ತೆ. ಮದ್ರಾಸಿನವರನ್ನು ಒಪ್ಪಿಸಿದ್ದಾಯಿತು.

ಶೇಷಾದ್ರಿ ಅಯ್ಯರ್‌ಗೆ ವಿರೋಧಿಗಳು ಕಮ್ಮಿ ಇರಲಿಲ್ಲ. ಮದ್ರಾಸ್ ಕಡೆಯವರಿಗೇ ದೊಡ್ಡ ಕೆಲಸ ಕೊಡ್ತಾರೆ, ಮೈಸೂರಿನವರನ್ನು ಮೂಲೆಗೆ ತಳ್ತಾರೆ ಅನ್ನೋ ದೂರು ಅವರ ಕಾಲದುದ್ದಕ್ಕೂ ಇತ್ತು. 1894ರಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡು, ಮಗ ಚಿಕ್ಕವರಾಗಿದ್ದರಿಂದ ಮಹಾರಾಣಿಯವರು ರೀಜೆಂಟ್ ಆದ ಮೇಲಂತೂ ದಿವಾನರ ಕೈಯೇ ಮೇಲು. ದಸರಾ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು, 1891ರಿಂದ ಅದಕ್ಕೆ ಚುನಾವಣೆ ತಂದವರೂ ಇವರೇ. ಮತ ಹಾಕೋ ಹಕ್ಕು ಮಾತ್ರ ಆಸ್ತಿವಂತರು, ಓದಿದವರಂಥ ಕೆಲವರಿಗೆ. ಸಭೆಯವರು ಅಹವಾಲು ಹೇಳಬಹುದಿತ್ತು. ಖರ್ಚಿಗೆ ಒಪ್ಪಿಗೆ ಕೊಡೋ, ಬೇಡ ಅನ್ನೋ ಅಧಿಕಾರ ಇರಲಿಲ್ಲ. ಹೀಗಾಗಿ ಕರೆಂಟು ಜನರ ಸರ್ಕಾರದ ಸ್ವತ್ತಾಯಿತು, ಯಾರಿಗೆ ಮೊದಲು ಕೊಡಬೇಕು ಅಂತ ಜನರನ್ನು ಕೇಳಿದವರಿಲ್ಲ. ಇಂದು ದರ ಏರಿಸುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಅಹವಾಲು ಸಭೆ ಕರೆಯುತ್ತೆ, ಯಾರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ಆ ಆಯೋಗ ಬಂದಿದ್ದು 1999ರಲ್ಲಿ, ಬ್ಲಫ್ ಶುರುವಾಗಿ ಹೆಚ್ಚುಕಮ್ಮಿ ನೂರು ವರ್ಷಕ್ಕೆ.

ಕೊನೆ ವರ್ಷಗಳಲ್ಲಿ ಆರೋಗ್ಯ ಕೈಕೊಟ್ಟಿತು. 1901ರ ಮಾರ್ಚಿಯಲ್ಲಿ ದಿವಾನಗಿರಿ ಬಿಟ್ಟರು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಅರ್ಧದಲ್ಲಿತ್ತು, ಶಿವನಸಮುದ್ರದಲ್ಲಿ ಕೆಲಸ ನಡೀತಾ ಇತ್ತು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು, ಐವತ್ತಾರು ವರ್ಷ.

ಗಣಿಗೆ ಕರೆಂಟು ಹೋದ ಮೇಲೆ ಬೇಡಿಕೆ ಏರಿತು, ಬ್ಲಫ್‌ನಲ್ಲಿ ಯಂತ್ರಗಳನ್ನೂ ಹೆಚ್ಚಿಸಿದರು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹತ್ತಿತು. ಬೇಸಿಗೆಯಲ್ಲಿ ಹೊಳೆ ಸಣ್ಣಗಾದರೆ ಯಂತ್ರಕ್ಕೆ ನೀರು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರು ಮಾಡೋದಕ್ಕೆ ನೀರಾವರಿಯ ಜೊತೆ ಇದೂ ಒಂದು ಕಾರಣ. ಅಂದರೆ ಮಂಡ್ಯದ ಗದ್ದೆಗೆ ನೀರು ಬರೋದರಲ್ಲಿ ಕೋಲಾರದ ಗಣಿಯ ಪಾಲೂ ಇದೆ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಬಹಳ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಹಾರ್ಡಿಂಜ್ ಅನಾವರಣ ಮಾಡಿದರು. ಬ್ಲಫ್‌ನ ಪವರ್ ಹೌಸ್ ಈಗ ಕರ್ನಾಟಕ ವಿದ್ಯುತ್ ನಿಗಮದ ಕೈಯಲ್ಲಿದೆ, ಸಾಮರ್ಥ್ಯ 42 ಮೆಗಾವ್ಯಾಟ್. ದಾಖಲೆಯಲ್ಲಿ ಅದರ ಹೆಸರು ಸರ್ ಶೇಷಾದ್ರಿ ಅಯ್ಯರ್ ಜಲವಿದ್ಯುತ್ ಕೇಂದ್ರ.