ಡಾರ್ಸೆಟ್ ಬಾನಿನಲ್ಲಿ ಹೈದರಾಬಾದ್ ಹೆಸರು

ಮಕ್ಕಳೇ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಶಾಲೆಯವರು ನಿಮ್ಮಲ್ಲಿ ಹಲವರನ್ನು ಕರೆದುಕೊಂಡು ಹೋಗಿರುತ್ತಾರೆ. ಅದರ ಪೂರ್ವದ ತುದಿಯಲ್ಲಿ ವಾಯುಪಡೆಯ ನೆನಪಿನ ಬಣ್ಣದ ಗಾಜಿನ ಕಿಟಕಿಯೊಂದಿದೆ. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾದ ಯುದ್ಧವಿಮಾನ ಪಡೆಗಳ ಲಾಂಛನಗಳೆಲ್ಲ ಅದರಲ್ಲಿವೆ. ಅವುಗಳಲ್ಲೊಂದು ಹೈದರಾಬಾದಿನ ನಿಜಾಮರ ಪೇಟ. ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆತನಗಳ ಮಕ್ಕಳಿಗೆ ಈ ಪೇಟದ ಕಥೆ ಗೊತ್ತಿರಲೇಬೇಕು. ನಿಮ್ಮ ಮುತ್ಯಾನ ಅಪ್ಪ ಬಾಳಿದ್ದು ಅದೇ ಪೇಟದ ಆಳ್ವಿಕೆಯಲ್ಲಿ.

ಆ ಲಾಂಛನ 152ನೇ ಹೈದರಾಬಾದ್ ಸ್ಕ್ವಾಡ್ರನ್ನಿನದು. ಈಗ ಆ ಪಡೆ ಇಲ್ಲ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ರಾತ್ರಿ ಹೊತ್ತು ಶತ್ರುವಿಮಾನಗಳನ್ನು ತಡೆಯಲೆಂದು ಅದನ್ನು ಕಟ್ಟಿದ್ದರು. ಮರುವರ್ಷವೇ ಅದು ವಿಸರ್ಜನೆಯಾಯಿತು. ಎರಡನೇ ಮಹಾಯುದ್ಧ ಶುರುವಾದ ಮೇಲೆ, 1939ರ ಅಕ್ಟೋಬರಿನಲ್ಲಿ, ಉತ್ತರ ಇಂಗ್ಲೆಂಡಿನ ಆಕ್ಲಿಂಗ್ಟನ್‌ನಲ್ಲಿ ಮತ್ತೆ ಹುಟ್ಟಿತು. ಹೈದರಾಬಾದ್ ಎಂಬ ಹೆಸರು ಸೇರಿದ್ದು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕೊಟ್ಟ ಹಣದಿಂದ. ಅವರು ಮೊದಲ ಯುದ್ಧದಲ್ಲೂ 110ನೇ ಸ್ಕ್ವಾಡ್ರನ್ನಿಗೆ ವಿಮಾನಗಳನ್ನು ಕೊಡಿಸಿದ್ದರು. 1918ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ‘ನಂಬಿಗಸ್ತ ಮಿತ್ರ’ ಎಂಬ ಬಿರುದು ಕೊಟ್ಟಿತು. ಮುಂದೆ ಅದೇ 152ನೇ ಪಡೆಯ ಧ್ಯೇಯವಾಕ್ಯವೂ ಆಯಿತು.

1940ರ ಜುಲೈನಲ್ಲಿ ಈ ಪಡೆ ತನ್ನ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಡಾರ್ಸೆಟ್‌ನ ವಾರ್ಮ್‌ವೆಲ್‌ಗೆ ಬಂತು. ಹತ್ತಿರದ ಪೋರ್ಟ್‌ಲ್ಯಾಂಡ್ ನೌಕಾನೆಲೆಯನ್ನು ಕಾಯುವುದು ಅದರ ಕೆಲಸ. ಹೇಗೆ ಕಾಯುತ್ತಿದ್ದರು, ನೋಡಿ. ಕರಾವಳಿಯುದ್ದಕ್ಕೂ ಎತ್ತರದ ರೇಡಾರ್ ಕಂಬಗಳಿದ್ದವು. ಸಮುದ್ರದ ಮೇಲೆ ಜರ್ಮನ್ ವಿಮಾನಗಳು ಇನ್ನೂ ದೂರದಲ್ಲಿರುವಾಗಲೇ ಅಲ್ಲಿ ಸುಳಿವು ಸಿಗುತ್ತಿತ್ತು. ವಿಮಾನಗಳು ದಡ ದಾಟಿದ ಮೇಲೆ ರೇಡಾರಿಗೆ ಕಾಣುತ್ತಿರಲಿಲ್ಲ. ಆಗ ಬಯಲಲ್ಲಿ ದುರ್ಬೀನು ಹಿಡಿದು ನಿಂತ ಸ್ವಯಂಸೇವಕರು ಲೆಕ್ಕ ಹಾಕಿ ಫೋನ್ ಮಾಡುತ್ತಿದ್ದರು. ಸುದ್ದಿಯೆಲ್ಲ ಒಂದು ಕೋಣೆಗೆ ಬಂದು ಸೇರುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳು ದೊಡ್ಡ ಮೇಜಿನ ಮೇಲಿನ ನಕ್ಷೆಯಲ್ಲಿ ಬಿಲ್ಲೆಗಳನ್ನು ಉದ್ದ ಕೋಲಿನಿಂದ ಸರಿಸುತ್ತಿದ್ದರು. ಯಾವ ಪಡೆ ಎಲ್ಲಿಗೆ ಏರಬೇಕೆಂಬ ಆಜ್ಞೆ ಅಲ್ಲಿಂದ ಹೊರಡುತ್ತಿತ್ತು. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕಾದಿರುತ್ತಿದ್ದ ಪೈಲಟ್‌ಗಳು ಓಡಿಹೋಗಿ ವಿಮಾನ ಹತ್ತುತ್ತಿದ್ದರು. ಅವರಲ್ಲಿ ಇಪ್ಪತ್ತು ದಾಟದ ಹುಡುಗರೂ ಇದ್ದರು. ಎರಿಕ್ ಮಾರ್ಸ್ ಎಂಬಾತನ ಮುಖ ಎಷ್ಟು ಎಳೆಯದಾಗಿತ್ತೆಂದರೆ ಅವನ ಅಡ್ಡಹೆಸರೇ ‘ಬಾಯ್’. ಆ ಬೇಸಿಗೆಯ ಕಾಳಗದಿಂದ ಅವನು ಪಾರಾದ. ಆದರೆ 1941ರ ಜುಲೈನಲ್ಲಿ ಫ್ರಾನ್ಸಿನ ಬ್ರೆಸ್ಟ್ ಮೇಲಿನ ದಾಳಿಯಲ್ಲಿ ಪ್ರಾಣ ಕಳೆದುಕೊಂಡ.

ಅವರು ಧೀರರು, ಅದರಲ್ಲಿ ಎರಡು ಮಾತಿಲ್ಲ. ಅವರ ವಿಮಾನಗಳ ಹಿಂದಿದ್ದ ಹೆಸರಿನ ನಾಡು ಆಗ ಹೇಗಿತ್ತು ಎಂಬುದನ್ನೂ ನೀವು ತಿಳಿಯಬೇಕು.

ಬೀದರ್ ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದುದು ಬಹುಮಟ್ಟಿಗೆ ರೈತರ ಕಂದಾಯದಿಂದ. ಮಾಂಜ್ರಾ ನದಿಯ ಆಚೀಚೆ ಜೋಳ, ತೊಗರಿ, ಹೆಸರು ಬೆಳೆದವರೂ ಆ ಕಂದಾಯ ಕಟ್ಟಿದರು. ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಔರಾದ್ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಸಾವಿರಾರು ಮೈಲಿ ಆಚೆಯ ಆಕಾಶ ಕಾಯಲು ವಿಮಾನ ಕೊಡಿಸಬಲ್ಲ ಸಂಸ್ಥಾನದಲ್ಲಿ ಒಂದು ಕನ್ನಡ ಶಾಲೆ ಬೋರ್ಡಿನ ಮರೆಯಲ್ಲಿ ನಡೆಯಬೇಕಾಗಿತ್ತು. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಪಡೆಗೆ ಹೆಸರು ಬಂದದ್ದು ದೊರೆಯಿಂದ. ದೊರೆಯ ಬೊಕ್ಕಸಕ್ಕೆ ದುಡಿದವರ ಹೆಸರನ್ನು ಯಾವ ವಿಮಾನದ ಮೇಲೂ ಯಾರೂ ಬರೆಯಲಿಲ್ಲ.

152ನೇ ಪಡೆ ಮುಂದೆ ಉತ್ತರ ಆಫ್ರಿಕಾ, ಮಾಲ್ಟಾ, ಸಿಸಿಲಿ ಸುತ್ತಿ 1943ರ ಕೊನೆಗೆ ನಮ್ಮ ದೇಶಕ್ಕೇ ಬಂತು. 1944ರಲ್ಲಿ ಜಪಾನಿಯರು ಇಂಫಾಲವನ್ನು ಮುತ್ತಿದಾಗ ಅದರ ಸ್ಪಿಟ್‌ಫೈರ್‌ಗಳು ಅಲ್ಲಿ ಹೋರಾಡಿದವು. ಆ ವಿಮಾನಗಳ ಪಕ್ಕೆಯ ಮೇಲೆ ಜಿಗಿಯುವ ಕರಿಚಿರತೆಯ ಚಿತ್ರವಿತ್ತು. 1946ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ಪಡೆ ವಿಸರ್ಜನೆಯಾಯಿತು. ಆಮೇಲೂ ಅದೇ ಸಂಖ್ಯೆಯ ಪಡೆಯನ್ನು ಕಟ್ಟಿದರು, ಮುಚ್ಚಿದರು, ಮತ್ತೆ ಕಟ್ಟಿದರು. ಕೊನೆಯ ಸಲ ಮುಚ್ಚಿದ್ದು 1967ರಲ್ಲಿ, ಬಹರೇನ್‌ನಲ್ಲಿ. ಅಷ್ಟರಲ್ಲಿ ಹೈದರಾಬಾದ್ ಎಂಬ ಸಂಸ್ಥಾನವೇ ಉಳಿದಿರಲಿಲ್ಲ.

ಅದು ಮುಗಿದ ಬಗೆಯಲ್ಲಿ ಬೀದರಿಗೂ ಪಾತ್ರವಿದೆ. 1947ರಲ್ಲಿ ನಿಜಾಮರು ಸ್ವತಂತ್ರವಾಗಿ ಉಳಿಯಲು ಬಯಸಿದರು. ಬ್ರಿಟನ್ ತನ್ನ ‘ನಂಬಿಗಸ್ತ ಮಿತ್ರ’ನ ಕೈ ಹಿಡಿಯಲಿಲ್ಲ. ನಿಜಾಮರ ಆಳ್ವಿಕೆ ಉಳಿಸಲು ಆಯುಧ ಹಿಡಿದಿದ್ದ ರಜಾಕಾರರೆಂಬ ಗುಂಪಿನ ಹಾವಳಿಯಲ್ಲಿ ಹಳ್ಳಿಗಳು ನಲುಗಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬೀದರಿನ ವಿಮಾನನೆಲೆಯ ಮೇಲೆ ಬಾಂಬು ಹಾಕಿದವು. 17ರ ನಸುಕಿನಲ್ಲಿ ಸೇನೆ ಬೀದರ್ ಹೊಕ್ಕಿತು, ಅಂದೇ ನಿಜಾಮರು ಶರಣಾದರು. ಹಿರಿಯರು ಇದನ್ನು ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. ಆಮೇಲೆ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಬಹಳ ಮಂದಿ ಅಮಾಯಕ ಮುಸ್ಲಿಮರೂ ಹತರಾದರು. ಅದನ್ನೂ ನಿಮ್ಮಿಂದ ಮುಚ್ಚಿಡಬಾರದು. 1956ರಲ್ಲಿ ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದವು.

ಬೀದರಿನಲ್ಲಿ 1963ರಿಂದ ವಾಯುಪಡೆಯ ಪೈಲಟ್‌ಗಳ ತರಬೇತಿ ನಡೆಯುತ್ತಿದೆ. 2008ರಿಂದ ಅಲ್ಲಿ ಹಾಕ್ ಜೆಟ್‌ಗಳಿವೆ. ಅವುಗಳ ವಿನ್ಯಾಸ ಬ್ರಿಟನ್ನಿನದು, ಬಹುಪಾಲು ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್. ಸೂರ್ಯಕಿರಣ ಕಸರತ್ತು ತಂಡದ ಊರೂ ಬೀದರೇ. ಈ ಸಲ ರಜೆಗೆ ಹೋದಾಗ ಅವು ತಲೆಯ ಮೇಲೆ ಹಾರುವುದನ್ನು ನೋಡಿ. ಮನೆಯಲ್ಲಿ ಮುತ್ಯಾ, ಆಯಿ ಇದ್ದರೆ ಕೇಳಿ: ನಿಜಾಮರ ಕಾಲದಲ್ಲಿ ನಮ್ಮ ಹೊಲದ ಕಂದಾಯ ಯಾರು ವಸೂಲಿ ಮಾಡುತ್ತಿದ್ದರು? ನಿಮ್ಮ ಅಪ್ಪ ಯಾವ ಭಾಷೆಯಲ್ಲಿ ಓದಿದರು? ಪೊಲೀಸ್ ಆಕ್ಷನ್ ಆದಾಗ ಮನೆಮಂದಿ ಎಲ್ಲಿದ್ದರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.